ಹದಿನೇಳನೇ ನಂಬರಿನ ಬಾವಿಯ ನೀರು

ಬಾವಿಗಳಿಗೆ ನಂಬರು ಕೊಡುವ ಇಲಾಖೆಯ ಮಾನ್ಯ ಅಧಿಕಾರಿಗಳೇ,

ಕಾಪುವಿನ ಹತ್ತಿರವಿರುವ ನನ್ನ ಹಿತ್ತಲ ಬಾವಿಯ ನೀರು ಹಸುಗೂಸುಗಳಿಗೆ ವಿಷ ಎಂಬುದು ನಿಮ್ಮ ಕಚೇರಿಗೆ ನಾಲ್ಕು ವರ್ಷ ಮೊದಲೇ ಗೊತ್ತಿತ್ತು. ನಮಗೆ ಗೊತ್ತಾಗುವ ಹೊತ್ತಿಗೆ ಎರಡೂವರೆ ತಿಂಗಳ ಒಂದು ಮಗು ತೀರಿಕೊಂಡಿತ್ತು. ನನ್ನ ದೂರು ಇಷ್ಟೇ. ಮುಂದೆ ಬರೆಯುವುದೆಲ್ಲ ಅದರ ವಿವರ.

೧೯೭೨ರ ಬೇಸಗೆಯಲ್ಲಿ ನಿಮ್ಮ ಜೀಪು ನಮ್ಮ ಮನೆಯ ಮುಂದೆ ನಿಂತಿತು. ಅಂತರ್ಜಲದ ವೀಕ್ಷಣೆಗೆ ನಮ್ಮ ಬಾವಿಯನ್ನು ಆರಿಸಿದ್ದೇವೆ ಎಂದು ಹೇಳಿ, ಬಾವಿಕಟ್ಟೆಯ ಮೇಲೆ ಹಳದಿ ಬಣ್ಣದಲ್ಲಿ ‘೧೭’ ಎಂದು ಬರೆದು ಹೋದರು. ಅಂದಿನಿಂದ ವರ್ಷಕ್ಕೆರಡು ಸಲ ನಿಮ್ಮವರೊಬ್ಬರು ಬಂದು ಟೇಪು ಇಳಿಸಿ ನೀರಿನ ಮಟ್ಟ ಅಳೆಯುತ್ತಿದ್ದರು, ಒಂದು ಬಾಟಲಿ ನೀರು ಒಯ್ಯುತ್ತಿದ್ದರು. ಹೋಗುವ ಮುಂಚೆ ಒಂದು ಚೊಂಬು ನೀರು ಕುಡಿದು, “ಎಂಥ ತಂಪು ನೀರು ಮಾಷ್ಟ್ರೇ!” ಎನ್ನುತ್ತಿದ್ದರು. ಪಕ್ಕದ ಮನೆಯ ತಾರಾನಾಥ ಮೊದಲ ವರ್ಷ ತಮಾಷೆ ಮಾಡಿದ್ದ: “ಎಂತ ಮಾಷ್ಟ್ರೇ, ನಿಮ್ಮ ಬಾವಿ ಸರ್ಕಾರದ ಪರೀಕ್ಷೆಯಲ್ಲಿ ಪಾಸಂತೆ? ಇನ್ನು ಒಂದು ಕೊಡ ನೀರಿಗೂ ಅರ್ಜಿ ಹಾಕಬೇಕೋ ಹೇಗೆ?” ನಾವೆಲ್ಲ ನಕ್ಕೆವು. ಆದರೆ ಮಾನ್ಯರೇ, ಆ ನಗೆ ಕ್ರಮೇಣ ನಂಬಿಕೆಯಾಯಿತು. ಸರ್ಕಾರ ನಂಬರು ಹಾಕಿದೆ, ವರ್ಷ ವರ್ಷ ಬಂದು ನೋಡುತ್ತದೆ, ಏನೂ ಹೇಳದೆ ಹೋಗುತ್ತದೆ. ಅಂದಮೇಲೆ ನೀರು ಒಳ್ಳೆಯದೇ ಇರಬೇಕಲ್ಲವೇ? ಮಳೆಗಾಲ ಮುಗಿದೊಡನೆ ನನ್ನ ಹೆಂಡತಿ ವಿನೋದಾ ತೆಂಗಿನ ನಾರಿನಿಂದ ಪಾಚಿ ತಿಕ್ಕಿ ಆ ಹದಿನೇಳನ್ನು ಕಾಣುವಂತೆ ಮಾಡುತ್ತಿದ್ದಳು. ಬಾಣಂತಿಯ ಮನೆಯವರು, ಕಾಯಿಲೆಯವರ ಮನೆಯವರು ತಮ್ಮ ಬಾವಿ ಬಿಟ್ಟು ನಮ್ಮಲ್ಲಿಗೆ ಬಂದು ನೀರು ಸೇದುತ್ತಿದ್ದರು.

ನನ್ನ ಪಾಲನ್ನು ಮುಚ್ಚಿಡುವುದಿಲ್ಲ. ಬಾವಿಯ ಸುತ್ತ ನಮ್ಮದು ಮಲ್ಲಿಗೆ ಗಿಡಗಳು. ಕೊಡದಲ್ಲಿ ನೀರು ಹೊರುವ ಕೆಲಸವಾದ್ದರಿಂದ ಗಿಡಗಳನ್ನು ಬಾವಿಯ ಮಗ್ಗುಲಲ್ಲೇ ನೆಡುವುದು ಇಲ್ಲಿಯ ಪದ್ಧತಿ. ಮೊದಲು ಹಟ್ಟಿಗೊಬ್ಬರ, ನೆನೆಸಿದ ಕಡಲೆ ಹಿಂಡಿ. ಆಮೇಲೆ ಮತ್ತೊಂದು ಇಲಾಖೆಯವರು ಬಂದು ಯೂರಿಯಾದ ಮಹಿಮೆ ಹೇಳಿದರು. ಬಕೆಟನ್ನು ಬಾವಿಕಟ್ಟೆಯ ಮೇಲೆಯೇ ಇಟ್ಟು, ಆ ಹದಿನೇಳರ ಮಗ್ಗುಲಲ್ಲೇ, ನಾನು ಯೂರಿಯಾ ಕದಡಿದೆ. ಮೊಗ್ಗು ಇಮ್ಮಡಿಯಾಯಿತು. ಗಿಡ ಕುಡಿದು ಮಿಕ್ಕದ್ದು ಎಲ್ಲಿಗೆ ಹೋಗುತ್ತದೆ ಎಂದು ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದ ನಾನು ಕೇಳಿಕೊಳ್ಳಲಿಲ್ಲ. ನಮ್ಮದು ಮರಳು ಮಣ್ಣು. ಅದು ಏನನ್ನೂ ಹಿಡಿದಿಡುವುದಿಲ್ಲ, ಮಿಕ್ಕ ಗೊಬ್ಬರ ನೈಟ್ರೇಟು ಎಂಬ ಲವಣವಾಗಿ ನೇರ ಬಾವಿಗೆ ಇಳಿಯುತ್ತದೆ.

ನಮ್ಮ ಹಿತ್ತಲಾಚೆಯ ಮನೆಯ ಸಿಸಿಲಿಯಾ ಬಾಯಮ್ಮನವರ ಸೊಸೆ ಜೋನ್ ಕಳೆದ ವರ್ಷ ಗಂಡು ಮಗುವನ್ನು ಹೆತ್ತಳು. ಇಮ್ಯಾನುಯೆಲ್ ಎಂದು ಹೆಸರಿಟ್ಟರು. ಜೋನಳಿಗೆ ಜ್ವರ ಬಂದು ಎದೆಹಾಲು ಬತ್ತಿತು. ಬಹರೈನಿನಲ್ಲಿದ್ದ ಗಂಡ ಲಿಯೋನೆಲ್ ಊರಿಗೆ ಬರುವವರ ಕೈಯಲ್ಲಿ ಹಾಲಿನ ಪುಡಿಯ ಡಬ್ಬಿಗಳನ್ನು ಕಳಿಸಿದ. ಅವರ ಮನೆಯಲ್ಲೂ ಬಾವಿ ಇದೆ. ಆದರೂ ಜೋನ್ ಕೊಡ ಹಿಡಿದು ನಮ್ಮ ಬೇಲಿಯ ಬಳಿ ನಿಂತಳು.

“ಮಾಷ್ಟ್ರೇ, ಮಗುವಿನ ಹಾಲಿಗೆ ನಿಮ್ಮ ನಂಬರಿನ ಬಾವಿಯ ನೀರು ಕೊಂಡುಹೋಗಲಾ? ನಮ್ಮದನ್ನು ಯಾರು ಪರೀಕ್ಷೆ ಮಾಡಿದ್ದಾರೆ?”

“ಕೇಳುವುದೆಂತ ಮಗಳೇ, ಧೈರ್ಯದಿಂದ ಕೊಂಡುಹೋಗು. ಚೆನ್ನಾಗಿ ಕುದಿಸು, ಅಷ್ಟೇ,” ಎಂದೆ.

ಅವಳು ಕುದಿಸಿದಳು. ಒಂದು ಪಾತ್ರೆ ನೀರು ಅರ್ಧ ಪಾತ್ರೆಯಾಗುವವರೆಗೆ ಕುದಿಸಿದಳು. ಕುದಿಸಿದರೆ ಸಾಯುವುದು ಕ್ರಿಮಿ. ನೈಟ್ರೇಟು ಸಾಯುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಗಟ್ಟಿಯಾಗುತ್ತದೆ. ತಾಯಿ ಕಾಳಜಿಯಿಂದ ಕುದಿಸಿದಷ್ಟೂ ಬಾಟಲಿಯಲ್ಲಿ ವಿಷ ಹೆಚ್ಚಿತು.

ಡಿಸೆಂಬರಿನಲ್ಲಿ ಮಗುವಿನ ತುಟಿ ನೇರಳೆಯಾಯಿತು. ಶೀತ ಎಂದರು ಒಬ್ಬರು, ಹೃದಯದಲ್ಲಿ ತೂತು ಎಂದರು ಇನ್ನೊಬ್ಬರು. ಎರಡು ದಿನ ಹೀಗೇ ಕಳೆಯಿತು. ಉಗುರೂ ಕಪ್ಪಿಟ್ಟಾಗ ಬಾಡಿಗೆ ಕಾರಿನಲ್ಲಿ ಮಣಿಪಾಲಕ್ಕೆ ಓಡಿದೆವು. ವೈದ್ಯರು ರಕ್ತ ತೆಗೆದರು. ಅದು ಕೆಂಪಗಿರಲಿಲ್ಲ, ಕಾಫಿಯ ಕಷಾಯದಂತಿತ್ತು. ಅವರು ಕೇಳಿದ ಮೊದಲ ಪ್ರಶ್ನೆ: “ಹಾಲಿಗೆ ಎಲ್ಲಿಯ ನೀರು?” ಇದಕ್ಕೆ ಔಷಧವಿದೆ, ಬೇಗ ತಂದರೆ ಉಳಿಯುತ್ತದೆ ಎಂದರು. ನಾವು ಬೇಗ ತಂದಿರಲಿಲ್ಲ.

ಹೊಸ ವರ್ಷದಲ್ಲಿ ನಾನು ನಿಮ್ಮ ಕಚೇರಿಗೆ ಬಂದೆ. ನೀವು ಇರಲಿಲ್ಲ. ನಿಮ್ಮ ಗುಮಾಸ್ತರು ಒಳ್ಳೆಯವರು, ಕುರ್ಚಿ ಕೊಟ್ಟು ರಿಜಿಸ್ಟರನ್ನೂ ತೋರಿಸಿದರು. ಹದಿನೇಳನೇ ಬಾವಿ. ಒಂದು ಲೀಟರಿನಲ್ಲಿ ನೈಟ್ರೇಟು ಇಷ್ಟು ಮಿಲಿಗ್ರಾಂ: ೧೯೭೩ರಲ್ಲಿ ಒಂಬತ್ತು, ೧೯೭೭ರಲ್ಲಿ ಮೂವತ್ತೊಂದು, ೧೯೮೦ರಲ್ಲಿ ಐವತ್ತೆಂಟು, ೧೯೮೪ರಲ್ಲಿ ನೂರಹನ್ನೆರಡು. ನಲವತ್ತೈದು ದಾಟಬಾರದು ಎಂದು ಅದೇ ಪುಟದ ತಲೆಯ ಮೇಲೆ ಬರೆದಿತ್ತು. ಐವತ್ತೆಂಟರ ಕೆಳಗೆ ಯಾರೋ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದರು. ಎಷ್ಟು ನೇರವಾದ ಗೆರೆ!

“ನಮಗೆ ಒಂದು ಕಾರ್ಡು ಬರೆಯಬಹುದಿತ್ತಲ್ಲ?” ಎಂದು ಕೇಳಿದೆ.

“ತಿಳಿಸುವುದು ನಮ್ಮ ವಿಭಾಗಕ್ಕೆ ಬರುವುದಿಲ್ಲ ಮಾಷ್ಟ್ರೇ. ನಾವು ನೋಡುವುದು ಮಾತ್ರ.”

ನೋಡುವುದು ಮಾತ್ರ! ಹನ್ನೆರಡು ವರ್ಷ ನೀವು ಎಷ್ಟು ಚೆನ್ನಾಗಿ ನೋಡಿದಿರಿ! ನೈಟ್ರೇಟು ಹಸುಗೂಸಿನ ರಕ್ತ ಆಮ್ಲಜನಕ ಹೊರದಂತೆ ಮಾಡುವ ಈ ರೋಗದ ಬಗ್ಗೆ ನಾನು ಗ್ರಂಥಾಲಯದಲ್ಲಿ ಹುಡುಕಿ ಓದಿದೆ. ನಾನು ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ಹೊರದೇಶದ ವೈದ್ಯರು ಇದನ್ನು ಬರೆದಿಟ್ಟಿದ್ದಾರೆ. ಅಲ್ಲಿಂದ ನಿಮ್ಮ ರಿಜಿಸ್ಟರಿನವರೆಗೆ ಬಂದ ತಿಳಿವಳಿಕೆಗೆ ನಿಮ್ಮ ಮೇಜಿನಿಂದ ನಮ್ಮ ಬಾವಿಗೆ ಬರುವ ಹದಿನೈದು ಮೈಲಿ ಮಾತ್ರ ಯಾಕೆ ದೂರವಾಯಿತು? ಜೋನಳ ಮನೆಯ ಬಾವಿಯ ನೀರನ್ನೂ ಆಮೇಲೆ ಪರೀಕ್ಷೆ ಮಾಡಿಸಿದೆವು. ಅದು ಶುದ್ಧವಾಗಿದೆ. ನಿಮ್ಮ ನಂಬರು ಇಲ್ಲದೆ ಹೋಗಿದ್ದರೆ ಅವಳು ಅಲ್ಲಿಂದಲೇ ಸೇದುತ್ತಿದ್ದಳು.

ಫೆಬ್ರವರಿಯಲ್ಲಿ ಅವಳು ಮತ್ತೆ ಅದೇ ಬೇಲಿಯ ಬಳಿ ನಿಂತು ಕೇಳಿದಳು: “ಮಾಷ್ಟ್ರೇ, ನಾನು ಇನ್ನೂ ಎಷ್ಟು ಹೊತ್ತು ಕುದಿಸಬೇಕಿತ್ತು?”

ಅವಳಿಗೆ ನಿಜ ಹೇಳಲು ನನಗೆ ಒಂದು ತಿಂಗಳು ಬೇಕಾಯಿತು. ನಿನ್ನೆ ಈ ಪತ್ರವನ್ನೇ ಓದಿ ಹೇಳಿದೆ. ಅವಳು ಅಂದಳು, “ಪತ್ರದಿಂದ ಮಗುವಿನ ಹೆಸರು ತೆಗೆಯಬೇಡಿ. ಅವರ ಪುಸ್ತಕದಲ್ಲಿ ಬರೀ ನಂಬರು ಉಂಟಲ್ಲ.”

ನನಗೆ ಪರಿಹಾರ ಬೇಡ, ವಿಚಾರಣಾ ಸಮಿತಿ ಬೇಡ. ಈ ಮಳೆಗಾಲಕ್ಕೆ ಮೊದಲು ಅದೇ ಹಳದಿ ಬಣ್ಣದ ಡಬ್ಬಿ ಹಿಡಿದುಕೊಂಡು ಬನ್ನಿ. ಇಲ್ಲಿಂದ ಕಾರ್ಕಳದವರೆಗೆ ನೀವು ನಂಬರು ಬರೆದ ಒಂದೊಂದು ಬಾವಿಯ ಕಟ್ಟೆಯ ಮೇಲೂ ಆ ವರ್ಷ ಸಿಕ್ಕಿದ ನೈಟ್ರೇಟಿನ ಅಂಕಿಯನ್ನು ಬರೆಯಿರಿ. ನಲವತ್ತೈದು ದಾಟಿದಲ್ಲಿ, ‘ಈ ನೀರು ಹಸುಗೂಸಿಗೆ ಬೇಡ, ಕುದಿಸಿದರೂ ಬೇಡ’ ಎಂದು ಕೆಳಗೆ ಕನ್ನಡದಲ್ಲಿ ಬರೆಯಿರಿ. ನಮ್ಮಲ್ಲಿಂದಲೇ ಆರಂಭಿಸಿ. ರಾಟೆಯ ಹಗ್ಗ ಬಿಚ್ಚಿಟ್ಟಿದ್ದೇನೆ, ಬಾವಿಕಟ್ಟೆ ಒಣಗಿದೆ, ಬಣ್ಣ ಚೆನ್ನಾಗಿ ಹಿಡಿಯುತ್ತದೆ.

ಇಂತಿ,
ನಿಮ್ಮ ಹದಿನೇಳಕ್ಕೆ ಪಾಚಿ ಕಟ್ಟದಂತೆ ಹನ್ನೆರಡು ವರ್ಷ ಕಾದ ಮನೆಯ
ಉಮಾನಾಥ, ನಿವೃತ್ತ ವಿಜ್ಞಾನ ಶಿಕ್ಷಕ
ಮಾರ್ಚ್ ೧೯೮೫