ತೋರಿಸದೆ ಬಿಟ್ಟ ಎರಡನೇ ಪುಟ

ಉರಿಮಾಸದ ನಲವತ್ತೊಂದನೆಯ ದಿನ, ನೆರಳೆಣಿಕೆಯ ೨೧೨ನೆಯ ವರ್ಷ
ಒಳಗಣಿ

ತಮ್ಮಾ ಚನ್ನವೀರ,

ಮೇಲಿನ ತಾರೀಖು ನೋಡಿ ತಲೆ ಕೆಡಿಸಿಕೊಳ್ಳಬೇಡ. ಮೊದಲ ಮೋಡ ಕಾಣುವವರೆಗೆ ನಾವು ಬೇಸಿಗೆಯ ಕೊನೆಯ ತಿಂಗಳನ್ನು ಮುಗಿಸುವುದಿಲ್ಲ. ಅದು ಮೂವತ್ತಕ್ಕೆ ನಿಂತರೂ ನಿಂತೀತು, ಅರವತ್ತಕ್ಕೆ ಹೋದರೂ ಹೋದೀತು. ಅದನ್ನೇ ಉರಿಮಾಸ ಎನ್ನುತ್ತೇವೆ. ನೆರಳೆಣಿಕೆ ನಮ್ಮ ಶಕೆಯ ಹೆಸರು. ನಿನ್ನ ಲೆಕ್ಕದಲ್ಲಿ ನಾನು ಹುಟ್ಟಲು ಇನ್ನೂ ನೂರೆಪ್ಪತ್ತು ವರ್ಷ ಬೇಕು. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಕ್ಷಮಿಸು. ನಾನು ಕ್ಷಮೆ ಕೇಳುವುದು ಇದೊಂದಕ್ಕೆ ಮಾತ್ರ. ಉಳಿದದ್ದಕ್ಕೆ ನೀನು ಕೇಳಬೇಕು.

ನಿನ್ನನ್ನು ಏಕವಚನದಲ್ಲಿ ಕರೆಯುತ್ತಿದ್ದೇನೆ. ಹುಟ್ಟಿದ ವರ್ಷದ ಲೆಕ್ಕ ಹಿಡಿದರೆ ನೀನು ನನ್ನ ಮುತ್ತಜ್ಜನಿಗೂ ಹಿರಿಯ. ಆದರೆ ನಿಮ್ಮ ಕಂಪ್ಯೂಟರ್ ಬಳಗದ ಪುಟದಲ್ಲಿ ನಿನ್ನ ಹೆಸರಿನ ಕೆಳಗೆ ಇಪ್ಪತ್ತಾರು ವರ್ಷ ಎಂದಿದೆ, ನನಗೆ ಎಪ್ಪತ್ತಮೂರು. ನಾಲ್ಕು ಮಕ್ಕಳನ್ನು ಹೆತ್ತು, ಹನ್ನೊಂದು ಮೊಮ್ಮಕ್ಕಳನ್ನು ಎತ್ತಿ ಆಡಿಸಿದವಳು ನಾನು. ಹಾಗಾಗಿ ನೀನು ನನಗೆ ತಮ್ಮ.

ಈ ಕಾಗದ ಹಿನ್ನಂಚೆಯಲ್ಲಿ ಬರುತ್ತದೆ. ಕಾಲದ ಹಿಂದಕ್ಕೆ ಹೋಗುವ ಅಂಚೆ ಅದು. ಒಂದು ಊರಿಗೆ ಹತ್ತು ವರ್ಷಕ್ಕೆ ಒಂದೇ ಕಾಗದ ಕಳಿಸಲು ಅವಕಾಶ. ಈ ಸಲ ನಮ್ಮ ನೀರಿನವರು ಹಳೆಯ ಬಾವಿಗಳ ನಕ್ಷೆ ಕೇಳಿ ಬರೆಯಬೇಕೆಂದು ಎರಡು ವರ್ಷದಿಂದ ಕಾದಿದ್ದರು. ಅವರು ತಮ್ಮ ಸರದಿ ಬಿಟ್ಟುಕೊಟ್ಟಿದ್ದಾರೆ. ಹಾಗೆ ಬಿಟ್ಟುಕೊಟ್ಟ ಕಾಗದ ಇದು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಓದು.

ನಿಮ್ಮ ಕಾಲದಲ್ಲಿ ಅಕ್ಷರ ಬರೆಯದೆ ಚಿತ್ರ ಬರೆದು ಯಂತ್ರಕ್ಕೆ ಕೆಲಸ ಹೇಳುತ್ತಿದ್ದವರೆಲ್ಲ ಸೇರಿ ಒಂದು ಬಳಗ ಕಟ್ಟಿಕೊಂಡಿದ್ದಿರಿ. ಪರದೆಯ ಮೇಲೆ ಚೌಕಗಳನ್ನಿಟ್ಟು, ಒಂದರಿಂದ ಇನ್ನೊಂದಕ್ಕೆ ಬಣ್ಣದ ತಂತಿ ಎಳೆದರೆ ಯಂತ್ರ ನಡೆಯುತ್ತಿತ್ತು. ಅದನ್ನು ನಾವು ತಂತಿಚಿತ್ರ ಎನ್ನುತ್ತೇವೆ. ದೊಡ್ಡ ಓದು ಓದಿದವರೆಲ್ಲ ಹೋದ ಮೇಲೆ ನಮಗೆ ದಕ್ಕಿದ ವಿದ್ಯೆ ಇದೊಂದೇ. ನಾನು ಓದಿದ್ದು ಹತ್ತನೇ ತರಗತಿ. ಅಷ್ಟು ಓದಿನಲ್ಲೇ ಒಳಗಣಿಯ ನೀರಿನ ಪಂಪು, ಗಾಳಿಯ ಕಿಂಡಿ, ಹಿಟ್ಟಿನ ಗಿರಣಿ, ಎಲ್ಲವನ್ನೂ ಮೂವತ್ತು ವರ್ಷ ನಡೆಸಿದ್ದೇನೆ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಒಳಗಣಿ ಎಂದರೆ ಹಳೆಯ ಫರಸಿಕಲ್ಲಿನ ಗಣಿ. ನಿಮ್ಮ ಮನೆಗಳ ನೆಲಕ್ಕೆ ಹಾಸಿದ ಕಲ್ಲು ಇಲ್ಲಿಂದಲೇ ಹೋಗಿದ್ದು. ಕಲ್ಲು ತೆಗೆದು ನೀವು ಬಿಟ್ಟುಹೋದ ಹೊಂಡಕ್ಕೆ ಅದೇ ಕಲ್ಲಿನ ಮಾಡು ಹೊದಿಸಿ ನಾವು ಅರವತ್ತು ಮನೆಯವರು ವಾಸವಾಗಿದ್ದೇವೆ. ಮೇಲೆ ಹಗಲು ಕಾಲಿಡುವ ಹಾಗಿಲ್ಲ. ಯಾವುದೇ ಹೊಸ ತಂತಿಚಿತ್ರವನ್ನು ಯಂತ್ರಕ್ಕೆ ಕೊಡುವ ಮೊದಲು ನಾವು ಅದನ್ನು ಬಣ್ಣದ ಸುಣ್ಣದ ಕಡ್ಡಿಯಿಂದ ಫರಸಿಯ ಮೇಲೆ ಬರೆಯುತ್ತೇವೆ. ಊರಿನವರೆಲ್ಲ ಬಂದು, ಓದು ಬಾರದವರೂ ಸೇರಿ, ತಂತಿಯ ಮೇಲೆ ಬೆರಳಿಟ್ಟು ಈ ತುದಿಯಿಂದ ಆ ತುದಿಗೆ ನಡೆದು ನೋಡುತ್ತಾರೆ. ಇದಕ್ಕೆ ಬಂಡೆಯೋದು ಎಂದು ಹೆಸರು. ಚೌಕಗಳಲ್ಲಿ ಒಂದು ಜಾತಿ ಇದೆಯಲ್ಲ, ಒಂದರ ಹಿಂದೊಂದು ಪುಟ ಅಡಗಿಸಿಕೊಂಡು ಮೇಲಿನದನ್ನು ಮಾತ್ರ ತೋರಿಸುವಂಥದ್ದು, ಅದರ ಅಷ್ಟೂ ಪುಟಗಳನ್ನು ಬಿಡಿಸಿ ಅಕ್ಕಪಕ್ಕದಲ್ಲಿ ಬರೆಯಬೇಕು. ಒಂದು ಪುಟ ಬಿಟ್ಟರೂ ಬಂಡೆಯೋದು ನಡೆಯುವುದಿಲ್ಲ. ಈ ಕಟ್ಟಳೆ ಮಾಡಿದವರು ನಮ್ಮ ಅಜ್ಜಿಯರು. ಯಾಕೆ ಮಾಡಿದರೆಂದು ನಿನ್ನಿಂದ ನನಗೆ ಚೆನ್ನಾಗಿ ತಿಳಿಯಿತು.

ನಿಮ್ಮ ಬಳಗದ ಪುಟಗಳ ಪ್ರತಿ ನಮ್ಮಲ್ಲಿದೆ. ಓದಿ ಓದಿ ನನಗೆ ರೋಸಿಹೋಗಿದೆ. ಎಲ್ಲರದೂ ತುರ್ತು! ಪರದೆಯ ಫೋಟೋ ತೆಗೆದು ಹಾಕುತ್ತೀರಿ, ಅದರಲ್ಲಿ ತಂತಿಗಿಂತ ಟ್ಯೂಬ್‌ಲೈಟಿನ ಹೊಳಪೇ ಹೆಚ್ಚು. ಒಬ್ಬನ ತಂತಿಗಳು ಕೌದಿ ಹೊಲಿಯುವವಳ ಬುಟ್ಟಿಯ ದಾರದ ಹಾಗೆ ಹೆಣೆದುಕೊಂಡಿವೆ, ಎಲ್ಲಿ ತಪ್ಪಿದೆ ಹೇಳಿ ಅನ್ನುತ್ತಾನೆ. ಇನ್ನೊಬ್ಬನಿಗೆ ಪರೀಕ್ಷೆಯ ಪ್ರಾಜೆಕ್ಟನ್ನು ಬೇರೆಯವರೇ ಮಾಡಿ ಕೈಗೆ ಕೊಡಬೇಕು. ಕೆಳಗೆ ಹದಿನಾಲ್ಕು ಜನ ಸಾಲಾಗಿ "ನನಗೂ ಇದೇ ಸಮಸ್ಯೆ" ಎಂದು ಬರೆದು ಹೋಗುತ್ತಾರೆ, ಸಾವಿನ ಮನೆಗೆ ಬಂದು ಮುಖ ತೋರಿಸಿ ಹೋದ ಹಾಗೆ. ಇಷ್ಟೆಲ್ಲದರ ನಡುವೆ ಬೀದರಿನ ಹಲೀಮಾ ಟೀಚರ್ ಎಂಬ ಒಬ್ಬ ಹೆಣ್ಣುಮಗಳು ಪ್ರತಿಯೊಬ್ಬರಿಗೂ ಉತ್ತರ ಕೊಟ್ಟಿದ್ದಾಳೆ. ಯಾರೂ ಸಂಬಳ ಕೊಟ್ಟು ಕೂರಿಸಿದವಳಲ್ಲ. ಆಕೆಯ ತಾಳ್ಮೆ ನನಗಿಲ್ಲ.

ಇನ್ನು ನಿನ್ನ ವಿಷಯ. ಆಸ್ಪತ್ರೆಯ ಯಂತ್ರ ರಿಪೇರಿ ಮಾಡುವ ಅಂಗಡಿಯಲ್ಲಿ ನಿನಗೆ ಕೆಲಸ. ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆಗೆ ನೀನೊಂದು ತಂತಿಚಿತ್ರ ಬರೆದೆ. ಶಾಖ ಅಳೆಯುವ ಸೆನ್ಸರ್ ನಡುನಡುವೆ ಬಿಟ್ಟುಹೋಗುತ್ತಿತ್ತು, ಹೋದಾಗೆಲ್ಲ ಪೆಟ್ಟಿಗೆ ಒಮ್ಮೆ ಕಾಯುತ್ತಿತ್ತು, ಒಮ್ಮೆ ಆರುತ್ತಿತ್ತು. "ತುರ್ತು, ಪ್ಲೀಸ್ ಹೆಲ್ಪ್" ಎಂದು ಫೋಟೋ ಹಾಕಿದೆ. ಹಲೀಮಾ ಟೀಚರ್ ಹತ್ತೇ ನಿಮಿಷದಲ್ಲಿ ಬರೆದಳು: "ಚನ್ನವೀರ ಅವರೇ, ಫೋಟೋ ಬೇಡ, ಪ್ರೋಗ್ರಾಮನ್ನೇ ಹಾಕಿ. ನಡುವಿನ ಚೌಕದಲ್ಲಿ ಎರಡು ಪುಟ ಇವೆ. ಸೆನ್ಸರ್ ಇದ್ದಾಗಿನ ಪುಟ ಕಾಣ್ತಿದೆ. ಇಲ್ಲದಾಗಿನ ಪುಟದಲ್ಲಿ ಏನಿದೆ?" ನೀನು, "ಮೇಡಂ, ಮೊಬೈಲ್‌ನಲ್ಲಿದ್ದೀನಿ, ಸಂಜೆ ಹಾಕ್ತೀನಿ" ಅಂದೆ.

ಎರಡು ದಿನ ಬಿಟ್ಟು ನೀನು ಬರೆದದ್ದು ನನಗೆ ಬಾಯಿಪಾಠವಾಗಿದೆ. "ಸರಿಹೋಯ್ತು. ಎರಡನೇ ಪುಟದಲ್ಲಿ ಸಣ್ಣ ಬದಲಾವಣೆ ಮಾಡಿದೆ. ನಿನ್ನೆ ಇಡೀ ದಿನ ಸೆನ್ಸರ್ ಬಿಟ್ಟು ಬಿಟ್ಟು ಬಂದರೂ ಶಾಖ ಅಲುಗಾಡಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್." ಅದರ ಜೊತೆ ಒಂದು ಹೊಸ ಫೋಟೋ. ಆ ಫೋಟೋದಲ್ಲೂ ಮೊದಲನೇ ಪುಟವೇ!

ಹಲೀಮಾ ಟೀಚರ್ ಮತ್ತೆ ಕೇಳಿದಳು: "ಏನು ಬದಲಾವಣೆ ಅಂತ ದಯವಿಟ್ಟು ಬರೀರಿ, ಮುಂದೆ ಯಾರಿಗಾದರೂ ಬೇಕಾಗುತ್ತೆ."

ನೀನು ಉತ್ತರ ಕೊಡಲಿಲ್ಲ. ತಮ್ಮಾ, ಆಕೆ ಹೇಳಿದ ಮುಂದಿನವರು ನಾವು.

ನನ್ನ ಮೊಮ್ಮಗಳು ಮಹಾನಂದಾ ಏಳು ತಿಂಗಳಿಗೇ ಹೆತ್ತಳು. ಹೆಣ್ಣುಕೂಸು. ನನ್ನ ಒಂದು ಅಂಗೈ ಮೇಲೆ ಮಲಗಿಸಿದರೆ ಕಾಲು ಮೊಣಕೈಗೂ ಬರುವುದಿಲ್ಲ. ನಮ್ಮಲ್ಲಿರುವ ಕಾವುತೊಟ್ಟಿಲು ನಿನ್ನ ಪೆಟ್ಟಿಗೆಯ ಜಾತಿಯದೇ. ಅದರೊಳಗಿದ್ದ ಚಿತ್ರ ಅಳಿಸಿಹೋಗಿ ಎಷ್ಟೋ ವರ್ಷ ಆಯಿತು. ಮಹಾನಂದಾಳ ಗಂಡ ಅಂಬಾರಾಯ ನಿನ್ನ ಫೋಟೋ ನೋಡಿ ಒಂದೊಂದೇ ತಂತಿ ಎಳೆದು ಅದನ್ನು ಮತ್ತೆ ಬರೆದ. ಬಂಡೆಯೋದಿಗೆ ಕುಳಿತಾಗ ನಡುವಿನ ಚೌಕದ ಪಕ್ಕದ ಕಲ್ಲು ಬೋಳಾಗಿತ್ತು.

"ಇದೇನೋ, ಎರಡನೇದು ಎಲ್ಲಿ?" ಅಂದೆ.

"ಆಯಿ, ಚಿತ್ರದಾಗ ಇದ್ದಷ್ಟು ಬರದೀನ್ರಿ. ಇಲ್ಲದ್ದು ಹ್ಯಾಂಗ ಬರೀಲಿ?"

"ಎರಡು ಪುಟ ಅದಾವ ಅಂತ ಆ ಟೀಚರ್ ಬಾಯಿ ಬಡ್ಕೊಂಡಾಳ. ನಿನ್ನ ತಲೀನೂ ಒಂದ ಪುಟದ್ದ ಏನು?"

ಅವನಿಗೆ ಅಂದದ್ದು ತಪ್ಪು. ಅದು ನಿನಗೆ ಅನ್ನಬೇಕಾಗಿದ್ದ ಮಾತು.

ಕಟ್ಟಳೆ ಮುರಿದು, ಬಂಡೆಯೋದು ಬಿಟ್ಟು, ನಾವೇ ಊಹಿಸಿ ಆ ಪುಟ ತುಂಬಿದೆವು, ಬೇರೆ ದಾರಿ ಇರಲಿಲ್ಲ. ಸೆನ್ಸರ್ ಬಿಟ್ಟುಹೋದರೆ ಶಾಖ ನಿಲ್ಲಿಸು ಎಂದು ಮೊದಲು ಬರೆದೆವು. ಅರ್ಧ ತಾಸಿನಲ್ಲಿ ಕೂಸಿನ ತುಟಿ ನೀಲಿಗಟ್ಟಿತು. ಅರ್ಧ ಶಾಖ ಇಡು ಎಂದು ಬರೆದೆವು. ಬೆಳಗಿನ ಹೊತ್ತು ಅದು ಸಾಲಲಿಲ್ಲ, ಮಾಡು ಕಾದ ಮೇಲೆ ಅದೇ ಹೆಚ್ಚಾಯಿತು. ಈಗ ಆ ಪುಟ ನಂಬುವುದನ್ನೇ ಬಿಟ್ಟು ಕೈಗಾವಲು ಹಾಕಿದ್ದೇವೆ. ಒಬ್ಬರು ಕೂಸಿನ ಪಾದಕ್ಕೆ ಬೆರಳ ಹಿಂಬದಿ ಮುಟ್ಟಿಸಿ ಕೂರುವುದು, "ಕಾದದ" ಅಥವಾ "ಆರೇದ" ಎಂದು ಕೂಗುವುದು, ಇನ್ನೊಬ್ಬರು ಸ್ವಿಚ್ಚು ತಿರುಗಿಸುವುದು. ಹಗಲಿರುಳು, ಎರಡೆರಡು ತಾಸಿನ ಸರದಿ. ಹನ್ನೊಂದು ದಿನವಾಯಿತು. ಇನ್ನೂ ಮೂರು ವಾರವಾದರೂ ಬೇಕು ಎಂದು ಸೂಲಗಿತ್ತಿ ಹೇಳುತ್ತಾಳೆ. ಊರಿನವರ ಕಣ್ಣು ಕೆಂಪಾಗಿವೆ. ಗಿರಣಿ ನಿಂತಿದೆ. ಗಂಡಸರು ನೆನೆಸಿದ ಜೋಳ ತಿಂದು ಸರದಿಗೆ ಬರುತ್ತಿದ್ದಾರೆ.

ಮೊನ್ನೆ ಮಧ್ಯಾಹ್ನದ ಸರದಿಯಲ್ಲಿ ಒಬ್ಬರ ಕಣ್ಣು ಮುಚ್ಚಿಹೋಯಿತು. ಸೆನ್ಸರ್ ಆಗಲೇ ಬಿಟ್ಟುಹೋಗಿತ್ತು, ಸ್ವಿಚ್ಚಿನ ಹತ್ತಿರ ಕೂತವರು ಕೂಗಿಗೆ ಕಾಯುತ್ತಿದ್ದರು. ಮಹಾನಂದಾ ಹಾಲು ಹಿಂಡಿಕೊಂಡು ಬಂದಾಗ ಕೂಸಿನ ಮೈ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಆ ಹೆಣ್ಣುಮಗಳು ಮಲಗಿದ್ದವರ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಮುಚ್ಚಳ ತೆಗೆದು, ಒದ್ದೆ ಬಟ್ಟೆ ಹಾಕಿದಳು. ಕೂಸು ಉಳಿಯಿತು.

ಆ ಕೈ ನನ್ನದು. ಮೂವತ್ತು ವರ್ಷ ಊರಿನ ಯಂತ್ರಗಳನ್ನು ನಡೆಸಿದ ಕೈ. "ಆಯಿ, ನೀವು ಒಂದೀಟು ಅಡ್ಡಾಗ್ರಿ" ಎಂದಳೇ ಹೊರತು ಮಹಾನಂದಾ ಬೇರೆ ಮಾತಾಡಲಿಲ್ಲ. ಅವಳು ಬೈದಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲವೇನೋ. ಮರುದಿನ ಬೆಳಿಗ್ಗೆ ನಾನೇ ನೀರಿನವರ ಮುಂದೆ ಹೋಗಿ ನಿಂತು ಹಿನ್ನಂಚೆ ಕೇಳಿದೆ. ನನ್ನ ಜನ್ಮದಲ್ಲಿ ಯಾರನ್ನೂ ಏನನ್ನೂ ಬೇಡಿದವಳಲ್ಲ.

ನೀನು ಕೆಟ್ಟವನೆಂದು ನಾನು ತಿಳಿದಿಲ್ಲ. ಅಷ್ಟು ಚಂದವಾಗಿ ತಂತಿ ಎಳೆದವನು, ಒಂದರ ಮೇಲೊಂದು ಹಾಯದಂತೆ ಎಳೆದವನು, ಕೆಟ್ಟ ಕೆಲಸಗಾರನೂ ಅಲ್ಲ. ನಿನ್ನ ಕೆಲಸ ಆಯಿತು, ಎದ್ದು ಹೋದೆ, ಅಷ್ಟೇ. ಆದರೆ ಕೇಳುವಾಗ ಬಳಗದವರೆಲ್ಲ ಬೇಕಿತ್ತು. ಸಿಕ್ಕಿದ ಮೇಲೆ ಅದು ನಿನ್ನೊಬ್ಬನದಾಯಿತು. ನಿನ್ನ ಥ್ಯಾಂಕ್ಸ್ ಇಟ್ಟುಕೊಂಡು ನಾವೇನು ಮಾಡಬೇಕು? ಅದನ್ನು ಹೊದಿಸಿದರೆ ಕೂಸು ಬೆಚ್ಚಗಾಗುತ್ತದೆಯೇ?

ಈಗ ಹೇಳುವುದನ್ನು ಸರಿಯಾಗಿ ಕೇಳು. ನಿನ್ನ ಕಂಪ್ಯೂಟರ್ ಮುಂದೆ ಕೂತುಕೋ. ಮೊಬೈಲಿನಲ್ಲಿದ್ದೇನೆ ಅನ್ನಬೇಡ. ಆ ಚಿತ್ರ ತೆರೆ. ನಡುವಿನ ಚೌಕದ ತಲೆಯ ಮೇಲೆ ಸಣ್ಣದೊಂದು ಬಾಣವಿದೆ, ಅದನ್ನು ಒತ್ತು. ಎರಡನೇ ಪುಟ ಮೇಲೆ ಬರುತ್ತದೆ. ಅದನ್ನು ಹಲೀಮಾ ಟೀಚರ್ ಕೇಳಿದ ಪ್ರಶ್ನೆಯ ಕೆಳಗೆ ಹಾಕು. ಪ್ರೋಗ್ರಾಮನ್ನೇ ಹಾಕಿದರೆ ಇನ್ನೂ ಒಳ್ಳೆಯದು. ಸೆನ್ಸರ್ ಸತ್ತಾಗ ಆ ಪುಟ ಏನನ್ನು ನೋಡಿ ಶಾಖ ತೀರ್ಮಾನಿಸುತ್ತದೆ ಎಂದು ಎರಡು ಸಾಲು ಬರಿ. ಕಾಗುಣಿತ ತಪ್ಪಿದರೂ ಚಿಂತೆಯಿಲ್ಲ. ನೀನು ಅಲ್ಲಿ ಏನನ್ನು ಸೇರಿಸಿದರೂ ಅದು ಆ ಗಳಿಗೆಯೇ ನಮ್ಮ ಪ್ರತಿಯಲ್ಲಿ, ಮೊದಲಿನಿಂದಲೂ ಇದ್ದ ಹಾಗೆ, ಕಾಣಿಸಿಕೊಳ್ಳುತ್ತದೆ ಎಂದು ಹಿನ್ನಂಚೆಯವರು ಹೇಳಿದ್ದಾರೆ. ಕಾಗದ ಹೊರಟ ಗಳಿಗೆಯಿಂದ ಅಂಬಾರಾಯ ಸುಣ್ಣದ ಕಡ್ಡಿ ಹಿಡಿದು ಪರದೆಯ ಮುಂದೆ ಕೂರುತ್ತಾನೆ.

ಆ ಚಿತ್ರವನ್ನು ನೀನು ಅಳಿಸಿಹಾಕಿದ್ದರೆ, ಏನು ಮಾಡಿದ್ದೆನೆಂದು ನಿನಗೇ ನೆನಪಿಲ್ಲದಿದ್ದರೆ, ನಾಚಿಕೊಂಡು ಸುಮ್ಮನಿರಬೇಡ. "ನೆನಪಿಲ್ಲ" ಎಂದಾದರೂ ಬರಿ. ಅಷ್ಟು ತಿಳಿದರೆ ಅಂಬಾರಾಯನನ್ನು ಪರದೆಯ ಮುಂದಿನಿಂದ ಎಬ್ಬಿಸಿ ಸರದಿಗೆ ಹಾಕಿಕೊಳ್ಳುತ್ತೇನೆ. ನಮಗೆ ಒಂದು ಕೈ ಹೆಚ್ಚಾಗುತ್ತದೆ.

ನೀಲಗಂಗಮ್ಮ