ದಿಬ್ಬದ ಮೈದಾನದ ಕೊನೆಯ ಆಟ

ಮನೆಯಿಂದ,
ಭಾನುವಾರ, ಫೆಬ್ರವರಿ ೧೧

ನನ್ನ ಮುದ್ದು ಮಗಳೇ,

ನಿನ್ನ ಪತ್ರ ಬಂತು. ಮೊದಲ ಸಲ ಓದಿದಾಗ ಸಿಟ್ಟು ಬಂತು, ಎರಡನೇ ಸಲ ಹೆಮ್ಮೆಯೆನಿಸಿತು. ಬೈಯುವುದರಲ್ಲಿ ನೀನು ನನ್ನ ಮಗಳೇ, ಅನುಮಾನವಿಲ್ಲ. ಮೈದಾನದ ಸುದ್ದಿಯನ್ನು ಪೇಪರಿನಲ್ಲಿ ಓದಿ ತಿಳಿಯಬೇಕಾಯಿತಲ್ಲ ಎಂದು ಗೋಳಾಡಿದ್ದೀಯ. ಪೇಪರಿನವರು ನನಗಿಂತ ಚುರುಕು, ಏನು ಮಾಡಲಿ! ‘ನಾನು ನಡೆಯೋಕೆ ಕಲಿತ ಜಾಗವನ್ನ ನೀನೇ ಕೈ ಎತ್ತಿ ಕಳೆದುಬಿಟ್ಟೆ’ ಎಂದು ಬರೆದಿದ್ದೀಯ. ಹೌದು, ಎತ್ತಿದೆ. ನಾಳೆ ಮತ್ತೆ ಕೇಳಿದರೂ ಎತ್ತುತ್ತೇನೆ. ಯಾಕೆ ಎಂದು ಹೇಳುತ್ತೇನೆ, ಚಹಾ ಮಾಡಿಕೊಂಡು ಕೂತು ಓದು.

ನೀನು ಹುಟ್ಟುವಾಗಲೇ ಆ ಮೈದಾನ ಹಸಿರಾಗಿತ್ತು. ನಾವು ಮೊದಲು ಕಂಡಾಗ ಅದು ಕುರುಚಲು ಗಿಡ, ಒಡೆದ ಬಾಟಲಿಗಳ ಜಾಗ. ನಾನು ಆಗ ನಿನ್ನ ತಾತನ ಬೇಕರಿಯಲ್ಲಿ ಹಿಟ್ಟಿನ ಮೂಟೆ ಹೊರುತ್ತಿದ್ದೆ. ಅಂಚೆಯಣ್ಣ ಕಾಗದ ಕೊಡಲು ಬಂದವನು ನನ್ನನ್ನೇ ನೋಡುತ್ತ ನಿಂತ. ಸೈನ್ಯದಲ್ಲಿದ್ದಾಗ ರಗ್ಬಿ ಕಲಿತು ಬಂದಿದ್ದ ಪುಣ್ಯಾತ್ಮ. “ಏನಮ್ಮಾ, ಇಂಥ ಹೆಗಲು ಇಟ್ಕೊಂಡು ಬರೀ ಬನ್ನು ಸುಡ್ತೀಯಾ? ಸಂಜೆ ದಿಬ್ಬಕ್ಕೆ ಬಾ, ತಳ್ಳೋ ಕೆಲಸ ಇದೆ” ಎಂದ. ಯಾರದೋ ಜೀಪು ಕೆಟ್ಟು ನಿಂತಿದೆ ಎಂದುಕೊಂಡು ಹೋದೆ. ನೋಡಿದರೆ ಒಂದಷ್ಟು ಹುಡುಗಿಯರು ಹೆಗಲಿಗೆ ಹೆಗಲು ಸೇರಿಸಿ, ಬಾಗಿ, ಎದುರು ಗುಂಪನ್ನು ಗೂಳಿಗಳ ಹಾಗೆ ನೂಕುತ್ತಿದ್ದಾರೆ. ಅದು ಸ್ಕ್ರಮ್ ಎಂದು ಆಮೇಲೆ ತಿಳಿಯಿತು. ಮೊದಲ ದಿನವೇ ಮುಂದಿನ ಸಾಲಿನಲ್ಲಿ ಸಿಕ್ಕಿಸಿದರು. ಅಂದಿನಿಂದ ಇಂದಿನವರೆಗೂ ನನ್ನ ಜಾಗ ಅದೇ.

“ಗಂಡುಮಕ್ಕಳೇ ಹಲ್ಲು ಉದುರಿಸ್ಕೊಳ್ಳೋ ಆಟ, ನಿನಗ್ಯಾಕೆ?” ಎಂದು ನಿನ್ನ ತಾತ ಕೂಗಾಡಿದರು. ಹಲ್ಲು ನನ್ನದು ತಾನೇ ಎಂದೆ. ಉದುರಿದ್ದು ಹಲ್ಲಲ್ಲ, ಮುರಿದದ್ದು ಮೂಗು. ಆ ಮೂಗೇ ನನ್ನನ್ನು ರಾಜಕೀಯಕ್ಕೆ ತಂದದ್ದು. ಪಂದ್ಯದ ಮರುದಿನ ಬೇಕರಿ ಬೀದಿಯ ಚರಂಡಿ ಕಟ್ಟಿಕೊಂಡಿದೆ ಎಂದು ದೂರು ಕೊಡಲು ನಗರಸಭೆಗೆ ಹೋಗಿದ್ದೆ. ಮೂಗಿಗೆ ಪಟ್ಟಿ, ಎರಡೂ ಕಣ್ಣಿನ ಕೆಳಗೆ ನೀಲಿ. ಗುಮಾಸ್ತ ನನ್ನ ಮುಖ ನೋಡಿದವನೇ ಎದ್ದು ನಿಂತು ಕುರ್ಚಿ ಕೊಟ್ಟ. ಅದೇ ವಾರ ಚರಂಡಿ ಸರಿಹೋಯಿತು. ನಾನು ಹೊಡೆದಾಡಿಯೇ ಕೆಲಸ ಮಾಡಿಸಿಕೊಂಡು ಬಂದೆ ಎಂದು ಬೀದಿಯವರೆಲ್ಲ ನಂಬಿದರು. ಮುಂದಿನ ಚುನಾವಣೆಗೆ ನಿಲ್ಲು ಎಂದು ಅವರೇ ದುಂಬಾಲು ಬಿದ್ದರು. ನಾನೂ ನಿಜ ಹೇಳಲು ಆತುರಪಡಲಿಲ್ಲ.

ಆಮೇಲಿನದು ನಿನಗೆ ಗೊತ್ತು. ಕಾರಿನ ಡಿಕ್ಕಿಯಲ್ಲಿ ಒಂದು ಕಡೆ ಫೈಲು, ಇನ್ನೊಂದು ಕಡೆ ಕೆಸರು ಬೂಟು. ವಾರ್ಡಿನ ಸಭೆ ಮುಗಿಸಿ ನೇರ ಅಭ್ಯಾಸಕ್ಕೆ. ನೀನು ಹುಟ್ಟಿದ ವರ್ಷ ಆಡಲಾಗದೆ ರೆಫ್ರಿ ಆದೆ. ನಿನ್ನಪ್ಪ ನಿನ್ನನ್ನು ಎತ್ತಿಕೊಂಡು ಗೆರೆಯಾಚೆ ಓಡಾಡುತ್ತಿದ್ದರೆ, ನಾನು ಸೀಟಿ ಊದಿದಾಗಲೆಲ್ಲ ನೀನು ಬೆಚ್ಚಿ ಅಳುತ್ತಿದ್ದೆ. ಒಂದೇ ವರ್ಷ ನಾನು ನಗರಸಭೆಗೂ ಅಧ್ಯಕ್ಷೆ, ರಗ್ಬಿ ಕ್ಲಬ್ಬಿಗೂ ಅಧ್ಯಕ್ಷೆ ಆದೆ. ಸಭೆಯಲ್ಲಿ ಸದಸ್ಯರು ಕಿರುಚಾಡಿದರೆ ನನಗೆ ಏನೂ ಅನ್ನಿಸುವುದಿಲ್ಲ. ಕಿವಿ ಹಿಂಡಿಸಿಕೊಂಡು ಆಡಿದವಳಿಗೆ ಕಿರುಚಾಟ ಯಾವ ಲೆಕ್ಕ?

ಈಗ ನೀರಿನ ವಿಷಯ. ದಿಬ್ಬದ ಮೇಲಿನ ಮನೆಗಳಿಗೆ ನಲ್ಲಿ ಇದೆ, ನೀರಿಲ್ಲ. ಟ್ಯಾಂಕರ್ ಬಂದರೆ ಬಿಂದಿಗೆ ಹಿಡಿದು ಓಡಬೇಕು, ಬಾರದಿದ್ದರೆ ಕೆಳಗಿಳಿದು ಹೊತ್ತು ಹತ್ತಬೇಕು. ಬಸುರಿಯರೂ ಹೊರುತ್ತಾರೆ, ಮುದುಕಿಯರೂ ಹೊರುತ್ತಾರೆ. ಪ್ರತಿ ಚುನಾವಣೆಯಲ್ಲೂ ನೀರು ಕೊಡುತ್ತೇನೆ ಎಂದು ಅವರ ಬಾಗಿಲಲ್ಲಿ ನಿಂತು ಹೇಳಿದವಳು ನಾನು. ಕೊನೆಗೂ ದೊಡ್ಡ ಟ್ಯಾಂಕ್ ಮಂಜೂರಾದಾಗ ಎಂಜಿನಿಯರ್ ನಕ್ಷೆ ಹರಡಿ, “ಮೇಡಂ, ಆ ಎತ್ತರದಲ್ಲಿ ಸಮತಟ್ಟಾಗಿರೋದು ನಿಮ್ಮ ಮೈದಾನ ಒಂದೇ. ಬೇರೆಲ್ಲಿ ಕಟ್ಟಿದ್ರೂ ಮೇಲಿನ ಸಾಲಿಗೆ ನೀರು ಹತ್ತಲ್ಲ” ಎಂದ. ನಂಬಲಿಲ್ಲ. ಬೇರೆ ಊರಿನಿಂದ ಇನ್ನೊಬ್ಬನನ್ನು ಕರೆಸಿದೆ. ಅವನ ಜೊತೆ ಬಿಸಿಲಲ್ಲಿ ದಿಬ್ಬವನ್ನೆಲ್ಲ ಸುತ್ತಿದೆ. ಅವನೂ ಬಂದು ನಿಂತದ್ದು ನಮ್ಮ ಗೋಲ್ ಕಂಬದ ಕೆಳಗೇ.

ಸಭೆಗೆ ಮೊದಲು ಕ್ಲಬ್ಬಿಗೆ ಹೋಗಿ ಎಲ್ಲರ ಮುಖ ನೋಡಿ ಹೇಳಿದೆ. ನಮ್ಮ ಕ್ಯಾಪ್ಟನ್ ಕಂಬ ಎದ್ದು ನಿಂತಳು. ನೀನು ಊರು ಬಿಟ್ಟ ಮೇಲೆ ತಂಡಕ್ಕೆ ಬಂದ ವೆಲ್ಡಿಂಗ್ ಹುಡುಗಿ. ಬಾಗಿಲಲ್ಲಿ ತಲೆ ತಗ್ಗಿಸಿ ಬರಬೇಕಾದಷ್ಟು ಎತ್ತರ, ಅದಕ್ಕೇ ಆ ಹೆಸರು. “ಅಕ್ಕಾ, ನೀವು ಕೈ ಎತ್ತಿದ್ರೆ ಮತ್ತೆ ಈ ಬಾಗಿಲಿಗೆ ಬರಬೇಡಿ” ಎಂದಳು. ಆಗಲಿ ಎಂದೆ. ನಗರಸಭೆಯ ಉಪಾಧ್ಯಕ್ಷರಿಗೆ ನನ್ನ ಮೇಲೆ ಕನಿಕರ ಬಂತು. “ಆವತ್ತೊಂದು ದಿನ ಜ್ವರ ಅಂದ್ಬಿಡಿ ಮೇಡಂ, ನಾವು ನೋಡ್ಕೋತೀವಿ” ಎಂದು ಕಿವಿಯಲ್ಲಿ ಹೇಳಿದರು. ನನಗೆ ಜ್ವರ ಬರುವುದಿಲ್ಲ ಎಂದೆ. ಸಭೆಯಲ್ಲಿ ಮತಗಳು ಸಮಸಮ ಬಿದ್ದವು. ಉಳಿದದ್ದು ನನ್ನ ಕೈ. ಪ್ರೇಕ್ಷಕರ ಸಾಲಿನಲ್ಲಿ ಕಂಬ ಕೂತಿದ್ದಳು. ಅವಳನ್ನು ನೋಡುತ್ತಲೇ ಎತ್ತಿದೆ. ಎತ್ತುವಾಗ ಮೈದಾನವಿಡೀ ಕಣ್ಣ ಮುಂದೆ ಬಂತು ಎನ್ನುವುದನ್ನೂ ಮುಚ್ಚಿಡುವುದಿಲ್ಲ.

ಕಳೆದ ಭಾನುವಾರ ಅಲ್ಲಿ ಕೊನೆಯ ಪಂದ್ಯ. “ಬೇಡ ಕಣೇ, ಎಲ್ಲರೆದುರು ಅವಮಾನ ಮಾಡ್ತಾರೆ” ಎಂದರು ನಿನ್ನಪ್ಪ. ಮಾಡಿದರೆ ಮಾಡಲಿ, ಹೆಣದ ಮನೆಗೆ ಹೋಗದೆ ಇರುತ್ತಾರೆಯೇ? ಹೋಗಿ ಹಗ್ಗದಾಚೆ ನಿಂತೆ. ನನ್ನ ಅಕ್ಕಪಕ್ಕದಲ್ಲಿ ಒಂದೊಂದು ಮಾರು ಜಾಗ ಖಾಲಿ ಉಳಿಯಿತು. ದ್ವಿತೀಯಾರ್ಧದಲ್ಲಿ ನಮ್ಮ ಮುಂದಿನ ಸಾಲಿನ ಹುಡುಗಿ ಮಂಡಿ ತಿರುಚಿಕೊಂಡು ಹೊರಬಂದಳು. ಆ ಜಾಗಕ್ಕೆ ಪಳಗಿದವರು ಬೇರೆ ಇರಲಿಲ್ಲ. ಪಳಗಿದವರಿಲ್ಲದಿದ್ದರೆ ಇನ್ನು ಮುಂದೆ ಸ್ಕ್ರಮ್‌ನಲ್ಲಿ ತಳ್ಳುವಂತಿಲ್ಲ, ಸುಮ್ಮನೆ ಒರಗಿ ನಿಲ್ಲಬೇಕು ಎಂದರು ರೆಫ್ರಿ. ಕೊನೆಯ ಆಟದಲ್ಲಿ ಸುಮ್ಮನೆ ಒರಗಿ ನಿಲ್ಲುವುದೇ?

ಕಂಬ ಸುತ್ತ ನೋಡಿದಳು. ಆಮೇಲೆ ನೇರ ನನ್ನ ಕಡೆಗೇ ಬಂದಳು.

“ಬೂಟ್ ಇದ್ಯಾ?”

“ಕಾರಲ್ಲಿದೆ.”

“ಹಾಕ್ಕೊಂಡು ಬನ್ನಿ. ಏನೂ ಮಾತಾಡಬೇಡಿ.”

ಮಗಳೇ, ನಿನ್ನ ಫಿಸಿಯೋಥೆರಪಿ ಓದು ಮುಗಿದ ದಿನವೇ ನೀನು ನನಗೆ ಆಟ ನಿಷೇಧಿಸಿದ್ದು ನೆನಪಿದೆ. ಆದರೂ ಪ್ರತಿ ವರ್ಷ ಆಟಗಾರ್ತಿಯೆಂದು ಹೆಸರು ನೋಂದಾಯಿಸುತ್ತಲೇ ಬಂದಿದ್ದೇನೆ. ಬಾಗಿ ಜಾಗ ಹಿಡಿದೆ. ನನ್ನ ಬೆನ್ನ ಹಿಂದೆ ಕಂಬ. ಅವಳ ಹೆಗಲು ನನ್ನ ಸೊಂಟದ ಕೆಳಗೆ ಬಂದು ಕೂತಾಗಲೇ ತಿಳಿಯಿತು, ಇಷ್ಟು ದಿನದ ಸಿಟ್ಟನ್ನೆಲ್ಲ ಅಲ್ಲಿಗೇ ತಂದಿದ್ದಾಳೆ. ಎದುರಿನವರಿಗಿಂತ ಹಿಂದಿನಿಂದಲೇ ಒತ್ತಡ ಹೆಚ್ಚು. ನನಗೆ ನಿಲ್ಲಲು ಜಾಗವಿಲ್ಲ, ಮುಂದಕ್ಕೇ ಹೋಗಬೇಕು. ಹೋದೆವು! ಅವರ ಎಂಟು ಮಂದಿ ಕಾಲು ಜಾರಿಸಿಕೊಂಡು ಹಿಂದೆ ಸರಿದರು. ಹಗ್ಗದಾಚೆಯವರು ನಾನು ಯಾರೆಂಬುದನ್ನು ಮರೆತು ಕೂಗಿದರು. ಪಂದ್ಯ ಸೋತೆವು, ಅದು ಬೇರೆ ಮಾತು. ಸ್ಕ್ರಮ್ ಒಂದನ್ನೂ ಸೋಲಲಿಲ್ಲ.

ಯಾರೂ ತಬ್ಬಿಕೊಳ್ಳಲಿಲ್ಲ, ಯಾರೂ ಕ್ಷಮಿಸಲೂ ಇಲ್ಲ. ಕಂಬ ಒಂದು ನೀರಿನ ಬಾಟಲಿ ಎಸೆದಳು, ಹಿಡಿದುಕೊಂಡೆ. ರೈಲ್ವೆ ಗೋದಾಮಿನ ಹಿಂದಿನ ಜಾಗವನ್ನು ಕ್ಲಬ್ಬಿಗೆ ಕೊಡಬೇಕೆಂದು ವಿರೋಧ ಪಕ್ಷದವರೇ ಪ್ರಸ್ತಾವ ತಂದಿದ್ದಾರೆ. ಆ ದಿನ ನಾನು ಕುರ್ಚಿ ಬಿಟ್ಟು ಹೊರಗೆ ಕೂರುತ್ತೇನೆ. ನನ್ನ ಕ್ಲಬ್ಬಿನ ವಿಷಯಕ್ಕೆ ನಾನೇ ತೀರ್ಪು ಕೊಡಬಾರದು. ಆದರೂ ಸಿಕ್ಕೇ ಸಿಗುತ್ತದೆ, ಬೇಕಾದರೆ ನೋಡು. ಬರೀ ಕಲ್ಲು ಜಾಗ. ಕಲ್ಲು ಆರಿಸಲು ನೀನೂ ಬಾ.

ನಾನು ಚೆನ್ನಾಗಿದ್ದೇನೆ. ಸ್ವಲ್ಪ ಮೈಕೈ ನೋವು, ಅಷ್ಟೇ. ನಿನ್ನಪ್ಪ ಆಶೀರ್ವಾದ ಹೇಳಿದ್ದಾರೆ. ಹೊಟ್ಟೆ ತುಂಬ ಉಣ್ಣು.

ಸೋಲದ,
ನಿನ್ನ ಅಮ್ಮ

ವಿ.ಸೂ.: ತಂಗೀ, ನಾನು ಕಂಬ. ಅಕ್ಷರ ನೋಡಿ ನಿನಗೆ ಆಗಲೇ ಅನುಮಾನ ಬಂದಿರಬೇಕು. ನಿಮ್ಮಮ್ಮನ ಬಲಗಡೆಯ ಕಾಲರ್ ಮೂಳೆ ಮುರಿದಿದೆ, ಕೈ ಜೋಲಿಯಲ್ಲಿದೆ. ಅವರು ಹೇಳಿದ್ದನ್ನು ನಾನು ಬರೆದೆ. ನಿಮ್ಮಪ್ಪನ ಅಕ್ಷರ ಅವರಿಗೇ ಓದಲು ಬರುವುದಿಲ್ಲವಂತೆ. ‘ಮೈಕೈ ನೋವು’ ಎಂದಾಗ ಪೆನ್ನು ಕೆಳಗಿಟ್ಟೆ. “ಬರಿಯೇ ಸುಮ್ನೆ” ಎಂದು ಗದರಿಸಿದರು. ಮುರಿದದ್ದು ಕೊನೆಯ ಸ್ಕ್ರಮ್ ಕುಸಿದಾಗ. ಹಿಂದಿನಿಂದ ತಳ್ಳಿದವಳು ನಾನೇ. ರೆಫ್ರಿ ಕೊನೆಯ ಸೀಟಿ ಊದಿದ ಮೇಲೂ ನಿಮ್ಮಮ್ಮ ಯಾರಿಗೂ ಹೇಳದೆ, ಬಾಟಲಿಯನ್ನು ಎಡಗೈಯಲ್ಲಿ ಹಿಡಿದರು. ಆಗಲೇ ನನಗೆ ಗೊತ್ತಾದದ್ದು. ಮೈದಾನದ ವಿಷಯದಲ್ಲಿ ನಾನಿನ್ನೂ ಅವರನ್ನು ಕ್ಷಮಿಸಿಲ್ಲ, ದಿನಾ ಸಂಜೆ ಬಂದು ಅದನ್ನು ಹೇಳಿ, ಅವರ ತಲೆ ಬಾಚಿ ಹೋಗುತ್ತೇನೆ. ನನ್ನ ಮನೆಯೂ ದಿಬ್ಬದ ಮೇಲೇ ಇದೆ. ನಲ್ಲಿಯಲ್ಲಿ ನೀರು ಬಂದರೆ ಬೈಯುತ್ತಲೇ ಕುಡಿಯುತ್ತೇನೆ. ಬೇಗ ಹೊರಟು ಬಾ, ಡಾಕ್ಟರ ಮಾತು ಕೇಳುತ್ತಿಲ್ಲ. ಈ ಭಾಗವನ್ನು ಅವರಿಗೆ ಓದಿ ಹೇಳುವುದಿಲ್ಲ.