ಸೆಟ್ಟೂರಿನ ಗಂಡಸರೆಲ್ಲ ಮನೆಯಲ್ಲೇ ಇದ್ದಾರೆ

ಕಲ್ಯಾಣದುರ್ಗ
೧೧ ಫೆಬ್ರವರಿ ೨೦೦೭, ಭಾನುವಾರ

ಪ್ರೀತಿಯ ವಾಣಿ,

ನಾನಿಲ್ಲಿ, ಅಮ್ಮ ಹಿಂದೂಪುರದಲ್ಲಿ, ಇಬ್ಬರೂ ಚೆನ್ನಾಗಿದ್ದೇವೆ. ಉತ್ತರ ತಡವಾಯಿತು, ಬೈಯಬೇಡ. ಹತ್ತನೇ ಕ್ಲಾಸಿನ ಪರೀಕ್ಷೆ ಹತ್ತಿರ ಬಂತೆಂದು ಹೆಡ್ಮಾಸ್ಟರು ಬೆಳಗ್ಗೆ, ಸಂಜೆ ಎರಡೂ ಹೊತ್ತು ನನ್ನ ತಲೆಗೇ ಗಣಿತ ಕಟ್ಟಿದ್ದಾರೆ. ಫೋನು ಮಾಡೋಣವೆಂದರೆ ಎಸ್‌ಟಿಡಿ ಬೂತಿನ ತೋಟಪ್ಪ ಗಂಡ ಹೆಂಡತಿ ಮಾತಿಗೆ ನಡುವೆ ಸಲಹೆ ಕೊಡುತ್ತಾನೆ.

ಪಿಎಚ್.ಡಿ. ಬಿಟ್ಟು ತಿಂಗಳ ಕೊನೆಗೆ ಹಿಂದೂಪುರಕ್ಕೆ ಬಂದುಬಿಡುತ್ತೇನೆ ಎಂದು ಬರೆದಿದ್ದೀಯ. ಓದಿ ಬೇಜಾರಾಯಿತು. ಮಳೆ ಕೈಕೊಟ್ಟ ಊರುಗಳಿಂದ ಎಷ್ಟು ಜನ ಕೂಲಿಗೆ ವಲಸೆ ಹೋಗುತ್ತಾರೆಂದು ನಿನ್ನ ಇಕನಾಮೆಟ್ರಿಕ್ಸಿನಲ್ಲಿ ಲೆಕ್ಕ ಕಟ್ಟಲು ಹೊರಟವಳು ನೀನು. ಕಳೆದ ಬೇಸಿಗೆ ಪೂರ್ತಿ ಬಿಸಿಲಲ್ಲಿ ಮನೆ ಮನೆ ಅಲೆದು ಕೇಳಿಕೊಂಡು ಬಂದೆ. ಅದನ್ನೆಲ್ಲ ಕಂಪ್ಯೂಟರಿಗೆ ಹಾಕಿದರೆ, ಒಣಗಿದ ಸೆಟ್ಟೂರಿನಲ್ಲಿ ಗಂಡಸರೆಲ್ಲ ಮನೆಯಲ್ಲೇ ಇದ್ದಾರೆ, ಒಂದಿಷ್ಟು ನೀರಿರುವ ಪರಿಗಿ ಕಡೆಯವರೇ ಊರು ಬಿಡುತ್ತಾರೆ ಎಂದು ಬಂತು. ನಿನ್ನ ಗೈಡು ಕೇಶವಯ್ಯನವರು "ಇದನ್ನು ಯಾರು ನಂಬುತ್ತಾರಮ್ಮ, ವಿಷಯ ಬದಲಿಸು, ಇಲ್ಲವೇ ಬಿಡು" ಎಂದರು. ನೀನು ಬಿಡುವ ಕಡೆಗೆ ವಾಲಿದೆ.

ಹಿಂದೂಪುರಕ್ಕೆ ಹೋದಾಗ ಅಮ್ಮನಿಗೆ ಕಾಗದ ಓದಿ ಹೇಳಿದೆ. ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದವಳು ತಲೆಯೆತ್ತಲಿಲ್ಲ. "ನನ್ ಸೊಸೆ ಡಾಕ್ಟ್ರೇಟು ಮಾಡ್ತವ್ಳೆ ಅಂತ ಬೀದಿಗೆಲ್ಲಾ ಹೇಳ್ಕೊಂಡಿವ್ನಿ. ಅರ್ಧಕ್ಕೆ ಬಂದ್ಬುಟ್ರೆ ನಾನು ಯಾವ ಮುಖ ಇಟ್ಕೊಂಡು ನಲ್ಲಿ ತಾವ ಹೋಗ್ಲಪ್ಪ?" ಎಂದಳು. ಆಮೇಲೆ, ಹುಡುಗಿ ಸೊರಗಿದ್ದಾಳೇನೋ ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಿನಗೆಂದು ಹುಣಸೆಹಣ್ಣು, ಚಟ್ನಿಪುಡಿ ಕಟ್ಟಿಟ್ಟಿದ್ದಾಳೆ.

ಈಗ ನಡೆದದ್ದನ್ನು ಕೇಳು. ಹಾಸ್ಟೆಲಿನಲ್ಲಿದ್ದು ಓದುವ ನನ್ನ ಕ್ಲಾಸಿನ ಸುಷ್ಮಾ ಸಂಕ್ರಾಂತಿಗೆ ಸೆಟ್ಟೂರಿಗೆ ಹೋದವಳು ವಾಪಸ್ಸು ಬರಲಿಲ್ಲ. ಅವಳಪ್ಪ ಯರ್ರಿಸ್ವಾಮಿಯನ್ನು ಕಂಡು ನಾಲ್ಕು ಮಾತು ಹೇಳೋಣವೆಂದು ಮೊನ್ನೆ ಹೋದೆ. ಬಾಗಿಲಲ್ಲಿ ಅವಳ ತಾಯಿ ಗಂಗಕ್ಕ ನಿಂತಿದ್ದಳು.

"ಯರ್ರಿಸ್ವಾಮಿ ಇದ್ದಾನೇನಮ್ಮ?"

"ಅವ್ನೆ ಕಣಪ್ಪ, ಬಾ, ಕುಂತ್ಕೋ."

ಕೂತೆ. ಮಜ್ಜಿಗೆ ಕೊಟ್ಟಳು. ಮಗಳನ್ನು ಕಳಿಸುತ್ತೇನೆಂದಳು. ಕಡಲೆಕಾಯಿ ಕೊಟ್ಟಳು, ತಿಂದೆ. ಬಿಸಿಲು ಜಗುಲಿ ಬಿಟ್ಟು ಇಳಿದರೂ ಯಜಮಾನನ ಸುಳಿವಿಲ್ಲ. ಕೊನೆಗೆ, ಹೊಲಕ್ಕೆ ಹೋಗಿದ್ದಾನೋ ಎಂದೆ.

"ಇಲ್ಲ ಕಣಪ್ಪ, ಕೇರಳದಾಗೆ ಅವ್ನೆ. ಉಗಾದಿಗೆ ಬತ್ತಾನೆ."

"ಮತ್ತೆ ಇದ್ದಾನೆ ಅಂದ್ಯಲ್ಲಮ್ಮ?"

"ಮನೆ ಯಜಮಾನ್ನ ಇಲ್ಲ ಅಂತ ಬಾಯ್ಬಿಟ್ಟು ಅಂತಾರೇನಪ್ಪ? ಓದ್ದೋನು ನೀನು, ಇಂತಾ ಮಾತು ಆಡ್ಸಬ್ಯಾಡ."

ಪಕ್ಕದ ತೆಲುಗು ಮನೆಯಲ್ಲೂ ಕೇಳಿ ನೋಡಿದೆ. "ಉನ್ನಾಡು ಸಾರ್" ಎಂದಳು ಆಕೆ, ಅವಳದೂ ಇದ್ದಾನೆ ಎಂಬ ಮಾತೇ. ಗಂಡ ಹೋಗಿ ಆರು ತಿಂಗಳಾಗಿದೆ.

ನಗು ಬಂತು, ಹಿಂದೆಯೇ ನಿನ್ನ ನೆನಪೂ ಬಂತು. ಮನೆಯಲ್ಲಿ ಅಕ್ಕಿ ಮುಗಿದರೂ "ತುಂಬಿದೆ" ಎನ್ನುವ ನಾವು ಗಂಡಸನ್ನು ಇಲ್ಲ ಎನ್ನುತ್ತೇವೆಯೇ? ನಿನ್ನ ಪ್ರಶ್ನೆಗೂ ಅವರೆಲ್ಲ ಹೀಗೇ "ಅವ್ರೆ" ಎಂದಿದ್ದಾರೆ; ನೀನೂ ಈ ಸೀಮೆಯವಳೇ ಆದ್ದರಿಂದ ನಿನ್ನ ಕಿವಿಗೆ ಅದು ತಪ್ಪೆಂದು ಕೇಳಿಸಲಿಲ್ಲ. ಪರಿಗಿಯವರು ಬೆಂಗಳೂರಿಗೆ ಹೋಗಿ ವಾರಕ್ಕೊಮ್ಮೆ ಬಂದು ಮುಖ ತೋರಿಸುತ್ತಾರೆ, ಹೋಗಿದ್ದಾರೆ ಎನ್ನಲು ಅವರ ಹೆಂಡಿರಿಗೆ ಭಯವಿಲ್ಲ. ದೂರ ಹೋಗಿ ತಿಂಗಳುಗಟ್ಟಲೆ ಬಾರದವರ ಮನೆಯಲ್ಲೇ ಬಾಯಿ ಬರುವುದಿಲ್ಲ. ಯಾರು ಹೆಚ್ಚು ಹೋಗುತ್ತಾರೋ ಅವರೇ ಹೆಚ್ಚು ಮರೆಯಾಗಿದ್ದಾರೆ. ಇದಕ್ಕೆ ನಿನ್ನ ಶಾಸ್ತ್ರದಲ್ಲಿ ಯಾವುದೋ ಕಷ್ಟದ ಹೆಸರು ಇದ್ದೇ ಇರುತ್ತದೆ, ಕೇಶವಯ್ಯನವರಿಗೆ ಆ ಹೆಸರಿನಲ್ಲೇ ಹೇಳು.

ಇನ್ನು ಮೇಲೆ "ಯಾರು ಊರು ಬಿಟ್ಟಿದ್ದಾರೆ" ಎಂದು ಕೇಳುವುದು ಬೇಡ. "ಉಗಾದಿಗೆ ಯಾರು ಯಾರು, ಎಲ್ಲಿಂದ ಬರುತ್ತಾರೆ" ಎಂದು ಕೇಳಿದರೆ ಸಂತೋಷವಾಗಿ ಹೇಳುತ್ತಾರೆ. ಗಂಗಕ್ಕನ ಬೀದಿಯಲ್ಲಿ ಕೇಳಿದೆ. ಅರ್ಧ ಬೀದಿ ಹೊರಗಿದೆ. ಸೆಟ್ಟೂರು ಕಡೆಯ ಮನೆಗಳನ್ನೆಲ್ಲ ನಾನೇ ಭಾನುವಾರಗಳಂದು ತಿರುಗಿ ಕೇಳಿಬರುತ್ತೇನೆ. ನೀನು ಅಲ್ಲೇ ಕೂತು ಬರೆ.

ನಿನಗೆ ನೆನಪಿದೆಯೇ? ಸೀಟಿಗೆ ಅರ್ಜಿ ಹಾಕಿ ಇಂಟರ್ವ್ಯೂಗೆ ಹೋದಾಗ, ಮದುವೆಯಾಗಿದೆ, ಓದು ಮುಗಿಸುತ್ತೀರಾ ಎಂದು ಕೇಳಿದವರಿಗೆ "ಮುಗಿಸದಿದ್ದರೆ ಅತ್ತೆ ಮನೆಗೆ ಸೇರಿಸಲ್ಲ ಸಾರ್" ಎಂದು ಬಂದವಳು ನೀನು. ಅದನ್ನು ಕೇಳಿ ಹೊರಗೆ ಬೆಂಚಿನ ಮೇಲೆ ನಾನು ಹೆಮ್ಮೆಯಿಂದ ಬೀಗಿದ್ದೆ. ಈಗಲೂ ಹಾಗೆಯೇ ಇದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣು, ಬರೀ ಕಾಫಿಯಲ್ಲಿ ಬದುಕಬೇಡ. ದೇವರು ನಿನಗೆ ಆರೋಗ್ಯ ಕೊಡಲಿ, ಕೇಶವಯ್ಯನವರಿಗೆ ತಾಳ್ಮೆ ಕೊಡಲಿ. ಅಮ್ಮ ಆಶೀರ್ವಾದ ಹೇಳಿದ್ದಾಳೆ.

ಇಂತಿ ನಿನ್ನವನೇ ಆದ
ರಘುನಾಥ್

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದೆಂದಿದ್ದೆ. ನಿನ್ನ ಕಾಗದ ಬಂದ ಮಾರನೆಯ ದಿನವೇ ಹಿಂದೂಪುರದ ಅಶ್ವತ್ಥಪ್ಪ ಮೇಷ್ಟ್ರ ಜೊತೆ ಮಾತಾಡಿ, ಅವರು ಇಲ್ಲಿಗೆ, ನಾನು ಅಲ್ಲಿಗೆ ವರ್ಗ ಬದಲಿಸಿಕೊಳ್ಳಲು ಒಪ್ಪಿದ್ದೆ. ನೀನು ಬಂದರೆ ಮೂವರೂ ಒಂದೇ ಮನೆಯಲ್ಲಿರೋಣವೆಂದು. ಸೆಟ್ಟೂರಿನ ಕೆಲಸ ಆಗಬೇಕಾದರೆ ನಾನು ಕಲ್ಯಾಣದುರ್ಗದಲ್ಲೇ ಇರಬೇಕು, ಹಾಗಾಗಿ ನಿನ್ನೆ ಹೋಗಿ ಅವರಿಗೆ ಆಗದೆಂದು ಹೇಳಿಬಂದೆ. ವಾಪಸ್ಸು ಬರುವಾಗ ಬಸ್ಸಿನಲ್ಲಿ ನಿನ್ನ ಮೇಲೂ ನಿನ್ನ ಥೀಸಿಸ್ಸಿನ ಮೇಲೂ ಕೆಟ್ಟ ಸಿಟ್ಟು ಬಂದಿತ್ತು. ಬೇಜಾರಾಯಿತು ಎಂದು ಮೇಲೆ ಬರೆದಿದ್ದೇನಲ್ಲ, ಅದು ಸುಳ್ಳು. ನೀನು ಬರುತ್ತೀಯೆಂದು ಓದಿ ಕುಣಿಯುವಷ್ಟು ಸಂತೋಷವಾಗಿತ್ತು. ಆದರೂ ಈಗ ಬರಬೇಡ, ವಾಣಿ.